ಗೈಡ್ಸ್ ಡ್ರೆಸ್ಸಿನ ತಂಗಿಗೆ

ಶಿವರಾತ್ರಿ ಜಾತ್ರೆ, ಹುಬ್ಬಳ್ಳಿ ಸಿದ್ಧಾರೂಢ ಮಠ. ತೇರಿಗೆ ಉತ್ತತ್ತಿ ಎಸೆಯುವ ಗದ್ದಲದಲ್ಲಿ ಅವ್ವ ಕೈತಪ್ಪಿದಳು. ಅವಳ ಹತ್ತಿರ ಮೊಬೈಲ್ ಇಲ್ಲ, ಕಣ್ಣೂ ಅಷ್ಟಕ್ಕಷ್ಟೇ. ನನ್ನ ಎದೆ ಧಸಕ್ ಅಂತು.

ಅಷ್ಟರಲ್ಲಿ ಫೋನ್ ಬಂತು. ಗೈಡ್ಸ್ ಡ್ರೆಸ್ಸಿನ ಹೈಸ್ಕೂಲ್ ಹುಡುಗಿ, ಜಾತ್ರೆಯ ಸೇವೆಗೆ ಬಂದವಳು. ಅವ್ವನನ್ನು ಗೋಡೆ ಪಕ್ಕ ಕೂರಿಸಿ, ಸೆರಗಿನ ಗಂಟಿನಲ್ಲಿದ್ದ ಚೀಟಿ ಬಿಚ್ಚಿಸಿ, ಪೊಲೀಸರ ಕಡೆಯಿಂದ ಫೋನ್ ಮಾಡಿಸಿದ್ದಳು. ನಾನು ಹೋದಾಗ ಅವ್ವನ ಹರಿದ ಚಪ್ಪಲಿಯ ಉಂಗುಟಕ್ಕೆ ತನ್ನ ಸ್ಕಾರ್ಫಿನ ಪಿನ್ನು ಚುಚ್ಚುತ್ತಿದ್ದಳು. "ಅಜ್ಜಿ ಅಳಾಕತ್ತಿದ್ರು, ಈಗ ಆರಾಮ ಅದಾರ ನೋಡ್ರಿ" ಅಂದಳು. ಅವ್ವನ ಕೈಲಿ ಅರ್ಧ ಕುಡಿದ ಮಜ್ಜಿಗೆ. ನನಗೆ ಹೋದ ಜೀವ ಬಂದಂಗಾಯ್ತು.

ಸ್ಕೌಟ್ಸ್-ಗೈಡ್ಸ್ ಮಕ್ಕಳಿಗೆ ಕೊಡುವ ರಾಜ್ಯ ಪುರಸ್ಕಾರಕ್ಕೆ ಇಂಥ ಸೇವೆಯೂ ಬೇಕಂತೆ. ಚಪ್ಪಲಿ ಸರಿಮಾಡಿದ್ದನ್ನು ಯಾರು ಬರೆದುಕೊಳ್ತಾರೆ? ಹೆಸರು ಕೇಳುವಷ್ಟರಲ್ಲಿ ನೀನು ಪ್ರಸಾದದ ಪಾಳಿಯತ್ತ ಓಡಿದೆ. ಥ್ಯಾಂಕ್ಸ್ ತಂಗಿ. ಇದನ್ನು ಓದಿದರೆ ತಿಳಿಸು, ಅವ್ವ ಹೋಳಿಗೆಗೆ ಕರೀತಿದ್ದಾಳೆ.