ರನ್‌ವೇ ಪಕ್ಕದಲ್ಲಿ ಇದ್ದವರನ್ನೂ ಲೆಕ್ಕಕ್ಕೆ ತಗೊಳ್ಳಿ

ಮಾನ್ಯ ಸಂಪಾದಕರೇ,

ಸರಕು ವಿಮಾನ ಇಳಿದ ಮೇಲೆ ರನ್‌ವೇ ಬಿಟ್ಟು ಹೊರಗೆ ಹೋಯಿತು ಅನ್ನುವ ಸುದ್ದಿ ಬಂದಾಗೆಲ್ಲ ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ. 'ವಿಮಾನದಲ್ಲಿ ಪ್ರಯಾಣಿಕರು ಇರಲಿಲ್ಲ.' ಓದಿದವರು ಸದ್ಯ ಅಂದುಕೊಂಡು ಪುಟ ತಿರುವುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಈಗ ಆಗುತ್ತಿಲ್ಲ. ನನ್ನ ತಂಗಿಯ ಮಗ ಕಲಬುರಗಿ ಬಿಟ್ಟು ಹೋಗಿ ಒಂದು ದೊಡ್ಡ ಏರ್‌ಪೋರ್ಟ್‌ನಲ್ಲಿ ರಾತ್ರಿ ಪಾಳಿ ಕೆಲಸ ಮಾಡುತ್ತಾನೆ. ಬೇಲಿ ಗುಂಟ ಗಸ್ತು ಗಾಡಿ ಓಡಿಸುವ ಕೆಲಸ.

2025ರ ಅಕ್ಟೋಬರ್ 20ರಂದು ಹಾಂಗ್‌ಕಾಂಗ್‌ನಲ್ಲಿ ಆದದ್ದು ನೆನಪಿದೆ ಅಲ್ವಾ? ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ದುಬೈನಿಂದ ಬಂದ ಬೋಯಿಂಗ್ 747 ಸರಕು ವಿಮಾನ ಇಳಿಯಿತು, ಓಡುತ್ತಾ ಓಡುತ್ತಾ ಎಡಕ್ಕೆ ಹೊರಳಿತು, ಬೇಲಿ ಮುರಿದುಕೊಂಡು ಹೋಗಿ ಗಸ್ತು ಗಾಡಿಗೆ ಬಡಿದು, ಗಾಡಿಯನ್ನೂ ಎಳೆದುಕೊಂಡು ಸಮುದ್ರಕ್ಕೆ ಬಿತ್ತು. ವಿಮಾನದಲ್ಲಿದ್ದ ನಾಲ್ಕೂ ಜನ ಬದುಕಿದರು. ಗಾಡಿಯಲ್ಲಿದ್ದ ಇಬ್ಬರು ಸತ್ತರು. ಒಬ್ಬರಿಗೆ 30 ವರ್ಷ, ಇನ್ನೊಬ್ಬರಿಗೆ 41. ಅವರ ಗಾಡಿ ರನ್‌ವೇ ಮೇಲೆ ಇರಲೇ ಇಲ್ಲ. ಬೇಲಿಯ ಆಚೆ, ಗಸ್ತಿನ ರಸ್ತೆಯಲ್ಲಿ, ಇರಬೇಕಾದ ಜಾಗದಲ್ಲೇ ಇತ್ತು.

ಆವತ್ತು ತಂಗಿ ಮಗನಿಗೆ ಫೋನ್ ಮಾಡಿದೆ. ವಿಮಾನ ಇಳಿಯುವಾಗ ಆ ಕಡೆ ಒಂದು ಕಣ್ಣಿಟ್ಟಿರಪ್ಪಾ ಅಂದೆ. 'ಮಾಮಾ, ನಾವು ಆ ಕಡೆ ನೋಡಂಗೇ ಇಲ್ಲ, ದಿನಾ ನೂರಾರು ಇಳೀತಾವ, ನಮ್ಮ ಕಣ್ಣು ಬೇಲಿ ಮ್ಯಾಲ ಇರ್ತದ' ಅಂದ. ಅವನ ಕೆಲಸವೇ ಅದು. ವಿಮಾನಕ್ಕೆ ಬೆನ್ನು ಕೊಟ್ಟು ವಿಮಾನವನ್ನು ಕಾಯುವುದು. ಅವತ್ತಿಂದ ಈ ಮಾತು ತಲೆಯಿಂದ ಹೋಗಿಲ್ಲ.

ಪತ್ರಿಕೆಗಳು 'ಜಾರಿದ ವಿಮಾನ' ಅಂತ ಬರೆಯುತ್ತವೆ. ಜಾರುವುದು ಅಂದರೆ ಬಚ್ಚಲಲ್ಲಿ ಕಾಲು ಜಾರಿದ ಹಾಗೆ ಕೇಳುತ್ತದೆ. ಆ ವಿಮಾನ ಸರಕೇ ಇಲ್ಲದೆ ಖಾಲಿ ಇದ್ದರೂ ನೂರೈವತ್ತು ಟನ್‌ಗಿಂತ ಜಾಸ್ತಿ ತೂಗುತ್ತದೆ. ನೆಲ ಮುಟ್ಟುವಾಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿದ ವೇಗ ಇರುತ್ತದೆ. ತೊಗರಿ ಹೇರಿದ ಒಂದು ಲಾರಿಯ ಬ್ರೇಕ್ ಹೋದರೇ ಏನಾಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ರನ್‌ವೇ ಮೇಲೆ ಮಳೆ ನೀರು ನಿಂತಿದ್ದರೆ ಟೈರಿಗೆ ನೆಲ ಸಿಗುವುದಿಲ್ಲ, ಅಡ್ಡ ಗಾಳಿ ಜೋರಿದ್ದರೆ ಮೂಗು ತಿರುಗುತ್ತದೆ, ಒಂದು ಕಡೆಯ ಎಂಜಿನ್ ಒಂದು ರೀತಿ ಇನ್ನೊಂದು ಕಡೆಯದು ಇನ್ನೊಂದು ರೀತಿ ಎಳೆದರೂ ಹಾಗೇ. ಇದರಲ್ಲಿ ಯಾವುದೂ ಗಸ್ತು ಗಾಡಿಯವನ ಕೈಯಲ್ಲಿ ಇಲ್ಲ.

ಈಗ ನಮ್ಮೂರ ಮಾತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಹತ್ತಿರ ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗ ನಾನೂ ಖುಷಿ ಪಟ್ಟವನು. ರನ್‌ವೇ 3,175 ಮೀಟರ್ ಉದ್ದ ಇದೆ ಅಂತ ನೆಂಟರಿಗೆಲ್ಲ ಹೇಳಿದ್ದೇನೆ. ಆದರೆ ಹಾಂಗ್‌ಕಾಂಗ್‌ನ ರನ್‌ವೇ 3,800 ಮೀಟರ್. ಉದ್ದ ಎಷ್ಟಿದ್ದರೇನು, ವಿಮಾನ ಹೋದದ್ದು ಪಕ್ಕಕ್ಕೆ. ಮಂಗಳೂರಿನಲ್ಲಿ 2010ರಲ್ಲಿ ವಿಮಾನ ರನ್‌ವೇ ಕೊನೆ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರಲ್ಲ, ಆಮೇಲೆ ರನ್‌ವೇ ಕೊನೆಯಲ್ಲಿ ಎಷ್ಟು ಜಾಗ ಬಿಡಬೇಕು ಅಂತ ದೇಶವೆಲ್ಲ ಮಾತಾಡಿತು, ಆಡಲೇಬೇಕಿತ್ತು. ಪಕ್ಕದ ಮಾತು ಮಾತ್ರ ಯಾರ ಬಾಯಲ್ಲೂ ಕೇಳಲಿಲ್ಲ.

ಅದಕ್ಕೇ ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ, ಅಧಿಕಾರಿಗಳನ್ನು ಕೇಳಲಿ. ನಮ್ಮದು ಎರೆ ಭೂಮಿಯ ನಾಡು, ಒಂದು ಒಳ್ಳೆ ಮಳೆ ಬಿದ್ದರೆ ಎತ್ತಿನ ಬಂಡಿಯ ಗಾಲಿಯೇ ಹೂತು ಹೋಗುತ್ತದೆ. ವಿಮಾನ ಹುಲ್ಲಿನ ಮೇಲೆ ಹೋಗಿ ನಿಂತರೆ ಅಗ್ನಿಶಾಮಕ ಗಾಡಿ ಆಗಸ್ಟ್ ತಿಂಗಳ ಕೆಸರಲ್ಲಿ ಅಲ್ಲಿಯವರೆಗೆ ಹೋಗುತ್ತದಾ? ಮಳೆಗಾಲದಲ್ಲಿ ಓಡಿಸಿ ನೋಡಿದ್ದಾರಾ? ನಿಯಮದ ಪ್ರಕಾರ ರನ್‌ವೇಯ ಯಾವ ಮೂಲೆಗೇ ಆದರೂ ಮೂರು ನಿಮಿಷದೊಳಗೆ ತಲುಪಬೇಕು. ಹುಲ್ಲು ಕೊಯ್ಯುವವರು, ಬೇಲಿ ರಿಪೇರಿ ಮಾಡುವವರು, ಗುತ್ತಿಗೆ ಮೇಲೆ ಬರುವ ಗಸ್ತಿನ ಹುಡುಗರು, ಇವರ ಕೈಯಲ್ಲಿ ವಾಕಿಟಾಕಿ ಇದೆಯಾ, ವಿಮಾನ ದಾರಿ ತಪ್ಪಿದರೆ ಯಾವ ಕಡೆ ಓಡಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದಾರಾ? ಏನಾದರೂ ಆದರೆ ಅವರ ಮನೆಗೆ ವಿಮೆ ದುಡ್ಡು ಬರುತ್ತದಾ? ಕಾಂಪೌಂಡ್ ಆಚೆ ರಾತ್ರಿ ಹೊಲ ಕಾಯುವ ರೈತರಿಗೂ ಒಂದು ಮಾತು ಹೇಳಬೇಕು. ಅಣಕು ಕಾರ್ಯಾಚರಣೆ ಮಾಡುವಾಗ ಬರೀ ವಿಮಾನದೊಳಗಿನವರನ್ನು ಸ್ಟ್ರೆಚರ್ ಮೇಲೆ ಹೊತ್ತು ತರುವುದು ಬೇಡ, ಬೇಲಿ ಪಕ್ಕದ ಗಾಡಿಯೊಳಗೂ ಇಬ್ಬರನ್ನು ಕೂರಿಸಿ ಅವರನ್ನೂ ಹುಡುಕಿ ತರಲಿ.

ಇದು ಯಾರ ಮೇಲಿನ ದೂರೂ ಅಲ್ಲ. ನಮ್ಮ ನಿಲ್ದಾಣಕ್ಕೆ ಇನ್ನೂ ಜಾಸ್ತಿ ವಿಮಾನ ಬರಲಿ ಅಂತ ಕೇಳುವವರಲ್ಲಿ ನಾನೂ ಒಬ್ಬ. ಬರುವ ಮುಂಚೆಯೇ ಇದನ್ನೆಲ್ಲ ಕೇಳಿಬಿಟ್ಟರೆ ಒಳ್ಳೆಯದು ಅಂತ ಬರೆದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮುಂದೆ ಎಲ್ಲೇ ಇಂಥ ಸುದ್ದಿ ಆದರೂ, ವಿಮಾನದಲ್ಲಿ ಎಷ್ಟು ಜನ ಇದ್ದರು ಅಂತ ಬರೆಯುವ ಸಾಲಿನಲ್ಲೇ ನೆಲದ ಮೇಲೆ ಎಷ್ಟು ಜನ ಇದ್ದರು, ಅವರಿಗೆ ಏನಾಯಿತು ಅಂತಲೂ ಬರೆಯಿರಿ. ನನ್ನ ತಂಗಿ ದಿನಾ ನಿಮ್ಮ ಪೇಪರ್ ಓದುತ್ತಾಳೆ.

— ಒಬ್ಬ ಓದುಗ, ಕಲಬುರಗಿ