ಮಕ್ಕಳು ‘ಯಾಕೆಂದರೆ’ ಅಂದಾಗ

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ವಾರಕ್ಕೊಂದು ಪೀರಿಯಡ್ ಮಾತಿಗಾಗಿಯೇ ಇಡುತ್ತಿದ್ದೇವೆ. ಮಕ್ಕಳು ಈಗಲೇ ಜಾಸ್ತಿ ಮಾತಾಡ್ತಾರೆ, ಅದಕ್ಕೂ ಪಾಠ ಬೇಕಾ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ಮಾತಾಡುವುದು ಬೇರೆ, ಮನವೊಲಿಸುವುದು ಬೇರೆ. ನಮ್ಮ ಮಾತನ್ನು ಒಪ್ಪದವರ ಎದುರು ನಿಂತು, ಅವರಿಗೂ ಸರಿ ಅನ್ನಿಸುವ ಹಾಗೆ ಕಾರಣ ಕೊಡಬೇಕು. ಇದನ್ನು ಕಲಿಯಬೇಕಾಗುತ್ತದೆ. ಗ್ರೀಸ್ ದೇಶದ ಹಳೆಯ ಅಥೆನ್ಸ್ ನಗರದಲ್ಲಿ ಮೊಕದ್ದಮೆ ಬಂದರೆ ಜನ ತಮ್ಮ ವಾದವನ್ನು ತಾವೇ ಮಂಡಿಸಬೇಕಿತ್ತು. ತೀರ್ಪು ಕೊಡುವವರು ನೂರಾರು ಮಂದಿ ಸಾಮಾನ್ಯ ನಾಗರಿಕರು. ಸಮಯ ಅಳೆಯಲು ನೀರಿನ ಗಡಿಯಾರ ಇರುತ್ತಿತ್ತು. ನೀರು ಸುರಿದು ಮುಗಿದರೆ ಮಾತೂ ಮುಗಿಯಬೇಕು. ಅಂಥ ಊರಲ್ಲಿ ಓದಿ, ಅಲ್ಲೇ ಪಾಠ ಹೇಳಿದವನು ತತ್ತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322). ಮಾತು ಮನಸ್ಸಿಗೆ ನಾಟುವುದು ಮೂರು ದಾರಿಯಲ್ಲಿ ಎಂದು ಅವನು ಗುರುತಿಸಿದ. ಹೇಳುವವರ ಮೇಲಿನ ನಂಬಿಕೆ ಒಂದು. ಕೇಳುವವರ ಭಾವನೆ ಇನ್ನೊಂದು. ಕೊಡುವ ಕಾರಣ ಮತ್ತೊಂದು.

ಮನೆಯ ಮಾತಿಗೇ ಇದನ್ನು ಹಚ್ಚಿ ನೋಡಿ. ಮಗಳು ಭಾನುವಾರ ಗೆಳತಿಯ ಮನೆಗೆ ಹೋಗಬೇಕು ಅನ್ನುತ್ತಾಳೆ. “ಹೋಮ್‌ವರ್ಕ್ ಎಲ್ಲಾ ಮುಗಿಸಿದ್ದೀನಿ” ಅಂದರೆ ಅದು ಕಾರಣ. “ಅವಳು ಮುಂದಿನ ವಾರ ಊರು ಬಿಟ್ಟು ಹೋಗ್ತಿದ್ದಾಳೆ” ಅಂದರೆ ನಿಮ್ಮ ಮನಸ್ಸು ಕರಗುತ್ತದೆ, ಅದು ಭಾವನೆ. “ಹೋದ ಸಲ ಆರು ಗಂಟೆಗೆ ಬರ್ತೀನಿ ಅಂದಿದ್ದೆ, ಆರಕ್ಕೇ ಬಂದೆ, ಅಲ್ವಾ?” ಅಂದರೆ? ಅದು ನಂಬಿಕೆ. ಮೂರರಲ್ಲಿ ನಿಮ್ಮನ್ನು ಒಪ್ಪಿಸುವುದು ಹೆಚ್ಚಾಗಿ ಇದೇ. ಇದನ್ನು ಅವಳು ಸಂಪಾದಿಸಿದ್ದು ಇವತ್ತಿನ ಮಾತಿನಿಂದಲ್ಲ, ಹೋದ ಸಲದ ನಡತೆಯಿಂದ. ಮಾತಿನ ಪಾಠ ಎಂದರೆ ಚೆಂದದ ಶಬ್ದಗಳ ಪಾಠ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇಲ್ಲಿ ನಿಮ್ಮ ಸಹಾಯ ಬೇಕು. ನಾವು ವಾರಕ್ಕೆ ನಲವತ್ತು ನಿಮಿಷ ಕಲಿಸುತ್ತೇವೆ. ಯಾವ ಮಾತಿಗೆ ಬೆಲೆ ಇದೆ ಎನ್ನುವುದನ್ನು ಮಗು ಕಲಿಯುವುದು ಮನೆಯಲ್ಲಿ. ಅತ್ತು ರಂಪ ಮಾಡಿದಾಗ ನಿಮ್ಮ ‘ಬೇಡ’ ಎಂಬುದು ‘ಆಯ್ತು’ ಆದರೆ, ಮಗು ರಂಪವನ್ನೇ ಕಲಿಯುತ್ತದೆ. ಒಳ್ಳೆಯ ಕಾರಣ ಕೊಟ್ಟಾಗ ‘ಬೇಡ’ ಎಂಬುದು ‘ಆಯ್ತು’ ಆದರೆ, ಕಾರಣ ಹುಡುಕುವುದನ್ನು ಕಲಿಯುತ್ತದೆ. ಪ್ರತಿ ಸಲ ಒಪ್ಪಿ ಎಂದು ನಾನು ಹೇಳುತ್ತಿಲ್ಲ. ಕೆಲವು ವಿಷಯಗಳಲ್ಲಿ ದೊಡ್ಡವರ ಮಾತೇ ಕೊನೆ. ಆಗಲೂ ಅದು ಯಾಕೆ ಎಂದು ಎರಡು ಮಾತು ಹೇಳಿ. ಮಕ್ಕಳು “ಯಾಕೆಂದರೆ” ಎಂದು ಶುರು ಮಾಡಿದಾಗ “ಎದುರು ಮಾತಾಡಬೇಡ” ಎಂದು ತಡೆಯಬೇಡಿ. ದನಿ ಒರಟಾಗಿದ್ದರೆ ದನಿಯನ್ನು ತಿದ್ದಿ, ಮಾತನ್ನು ಪೂರ್ತಿ ಕೇಳಿ.

ಇನ್ನೊಂದು ವಿನಂತಿ. ದಯವಿಟ್ಟು ಭಾಷಣ ಬರೆದುಕೊಡಬೇಡಿ. ನಾನು ಏಳನೇ ತರಗತಿಯಲ್ಲಿದ್ದಾಗ ಮನೆಯವರು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿ ಬಹುಮಾನ ಪಡೆದಿದ್ದೆ. ವೇದಿಕೆ ಇಳಿದ ಮೇಲೆ ಗೆಳತಿಯೊಬ್ಬಳು “ನಿನಗೂ ಹಾಗೇ ಅನ್ನಿಸುತ್ತಾ?” ಎಂದು ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಆ ವಿಷಯದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ನಮ್ಮ ಮಕ್ಕಳು ತೊದಲಿದರೂ ಚಿಂತೆಯಿಲ್ಲ, ಅವರದೇ ಮಾತಾಡಲಿ.

ತರಗತಿಯಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ ಇರುತ್ತದೆ. ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಲ್ಲಿ ಹೇಳಿ. ಅವರು “ಹೌದು, ನಾನು ಹೇಳಿದ್ದು ಇದನ್ನೇ” ಅಂದ ಮೇಲೆ ಮಾತ್ರ ಉತ್ತರ ಕೊಡಿ. ಇದು ಹೊಸದಲ್ಲ. ನಮ್ಮ ಹಳೆಯ ಶಾಸ್ತ್ರಗಳಲ್ಲಿ ಎದುರು ಪಕ್ಷದ ವಾದವನ್ನು ಮೊದಲು ಇಟ್ಟು ಆಮೇಲೆ ಉತ್ತರ ಹೇಳುವ ಕ್ರಮವಿದೆ. ಹಾಗೆ ಮೊದಲು ಇಡುವ ವಾದವೇ ಪೂರ್ವಪಕ್ಷ. ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ಚರ್ಚೆಯನ್ನೇ ಮೂರು ಬಗೆ ಮಾಡಿದ್ದರು. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲೆಂದೇ ಮಾಡುವುದು ಜಲ್ಪ. ತನ್ನದೇನನ್ನೂ ಹೇಳದೆ ಇನ್ನೊಬ್ಬರದನ್ನು ಸುಮ್ನೆ ಕೆಡವುವುದು ವಿತಂಡ. ಮೂರನೆಯ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ನಮಗೆ ಬೇಕಾಗಿರುವುದು ಮೊದಲನೆಯದು.

ಹೀಗೆ ಕಲಿಸಿದರೆ ಮಕ್ಕಳು ಮಾತಲ್ಲೇ ಮರುಳು ಮಾಡುವವರಾಗುವುದಿಲ್ಲವೇ ಎಂದು ತಾಯಿಯೊಬ್ಬರು ಕೇಳಿದರು. ಅರಿಸ್ಟಾಟಲನ ಗುರು ಪ್ಲೇಟೋಗೂ ಇಂಥದ್ದೇ ಆತಂಕ ಇತ್ತು. ಎರಡೂ ಪಕ್ಷದ ವಾದ ತಿಳಿದಿರಬೇಕು, ಬೇರೆಯವರು ಮೋಸದ ವಾದ ಹೂಡಿದಾಗ ಅದನ್ನು ಮುರಿಯಲು ಬರಬೇಕು ಎನ್ನುವುದು ಶಿಷ್ಯನ ನಿಲುವು. ನಾನು ಶಿಷ್ಯನ ಕಡೆ. “ಇವತ್ತೇ ಕೊನೆ ದಿನ”, “ಎಲ್ಲರೂ ತಗೊಂಡಿದ್ದಾರೆ” ಎಂದು ಫೋನಿನ ಪರದೆ ನಮ್ಮ ಮಕ್ಕಳಿಗೆ ದಿನವಿಡೀ ಹೇಳುತ್ತಿದೆ. ಆ ಮಾತು ಆತುರ ಹುಟ್ಟಿಸುತ್ತಿದೆಯೋ ಕಾರಣ ಕೊಡುತ್ತಿದೆಯೋ ಎಂದು ಕೇಳಿಕೊಳ್ಳುವುದು ಅವರಿಗೆ ಗೊತ್ತಿರಬೇಕು.

ತಿಂಗಳ ಕೊನೆಯ ಶನಿವಾರ ಮಕ್ಕಳು ನಿಮ್ಮ ಮುಂದೆ ಚರ್ಚೆ ಮಾಡುತ್ತಾರೆ. ದಯವಿಟ್ಟು ಬನ್ನಿ. ಚರ್ಚೆಗೆ ಮೊದಲು ಒಮ್ಮೆ ಕೈ ಎತ್ತಿಸುತ್ತೇವೆ, ಮುಗಿದ ಮೇಲೆ ಇನ್ನೊಮ್ಮೆ. ಎಷ್ಟು ಜನ ಮನಸ್ಸು ಬದಲಿಸಿದರು ಎಂದು ಮಕ್ಕಳೇ ಎಣಿಸುತ್ತಾರೆ. ನಮ್ಮ ಮಗು ಮಾತಾಡಿತು ಎಂದು ಕೈ ಎತ್ತಬೇಡಿ. ಕಾರಣ ನಿಮಗೆ ನಿಜವಾಗಿ ಒಪ್ಪಿಗೆಯಾದರೆ ಮಾತ್ರ ಎತ್ತಿ.

ವಿಶ್ವಾಸದಿಂದ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ