ಶನಿವಾರದ ಸರ್ಫ್ ಗಿಟಾರ್ ಪಾಠ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 4ಕ್ಕೆ, ಕ್ಯಾಲಿಫೋರ್ನಿಯಾದ ಅರ್ವೈನ್‌ನ ನಮ್ಮ ಮನೆ ಗ್ಯಾರೇಜಿನಲ್ಲೇ ಸರ್ಫ್ ರಾಕ್ (ಕಡಲಲೆ ಸವಾರಿಯ ಸರ್ಫರ್‌ಗಳ ನಡುವೆ ಬೆಳೆದ, ವೇಗದ ಗಿಟಾರ್ ಸಂಗೀತ) ಶುರು ಮಾಡೋಣ. ಹೆಸರು ಕೊಟ್ಟಿರುವ ಹೊಸಬರಿಗೆ ಮಾತ್ರ. ಡ್ರಮ್ಸ್, ಬಾಸ್‌ನವರಿಗೆ ಈ ವಾರ ರಜೆ.

ಗಿಟಾರ್ ವಾದಕ ಡಿಕ್ ಡೇಲ್ 1961ರಲ್ಲಿ ಇಲ್ಲೇ ಹತ್ತಿರದ ಬಾಲ್ಬೋವಾದಲ್ಲಿ ಈ ಸದ್ದು ಎಬ್ಬಿಸಿದ್ದು. ಅವರ 1962ರ 'ಮಿಸಿರ್ಲೂ' ಟ್ಯೂನಿನ ಶುರುವಿನ ತುಣುಕೇ ನಮ್ಮ ಮೊದಲ ಪಾಠ. ಅದು ಬರೀ ದಪ್ಪ ತಂತಿಯ ಮೇಲೆ ನಡೆಯುತ್ತದೆ. ಸ್ವರಗಳು ಹೆಚ್ಚುಕಡಿಮೆ ಮಾಯಾಮಾಳವಗೌಳ ರಾಗದವೇ! ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದವರಿಗೆ ಕಿವಿಗೆ ಹೊಸದಲ್ಲ, ಅಲ್ವಾ?

ಕಷ್ಟ ಇರುವುದು ಬಲಗೈಯಲ್ಲಿ. ಪಿಕ್ (ತಂತಿ ಮೀಟುವ ಚಿಪ್ಪು) ಮೇಲೆ-ಕೆಳಗೆ ನಿಲ್ಲದೆ ಓಡಬೇಕು. ಮೆಟ್ರೋನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 80 ಬೀಟಿಗೆ ಇಟ್ಟು, ಒಂದು ಬೀಟಿಗೆ ನಾಲ್ಕು ಮೀಟು, ದಿನಾ ಹತ್ತು ನಿಮಿಷ. ಮಣಿಕಟ್ಟು ಸಡಿಲವಾಗಿರಲಿ. ಮೊಣಕೈ ನೋಯ್ತು ಅಂದ್ರೆ ಬಿಗಿ ಹಿಡಿದಿದ್ದೀರಿ ಅಂತಲೇ ಲೆಕ್ಕ, ಅಲ್ಲೇ ನಿಲ್ಲಿಸಿ.

ತಂತಿ 11ರ ಸೆಟ್ (ಅತಿ ತೆಳು ತಂತಿ 0.011 ಇಂಚು ದಪ್ಪ ಇರುವುದು) ಹಾಕಿಸಿ. ನಾನು 9ರದ್ದು ಹಾಕಿ ಜೋರಾಗಿ ಮೀಟಿ, ಒಂದೇ ಸಂಜೆ ಎರಡು ತಂತಿ ಹರಿದುಕೊಂಡೆ. ಬ್ರಿಡ್ಜ್ ಪಿಕಪ್ (ಗಿಟಾರಿನ ಬ್ರಿಡ್ಜ್ ಹತ್ತಿರ ತಂತಿಯ ಸದ್ದು ಹಿಡಿಯುವ ಭಾಗ) ಬಳಸಿ, ರಿವರ್ಬ್ (ಪ್ರತಿಧ್ವನಿ) ಜಾಸ್ತಿ, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವುದು) ಬೇಡವೇ ಬೇಡ. ನನ್ನ ಆಂಪ್ಲಿಫೈಯರ್‌ಗೆ ಮಾತ್ರ ಕಾಲು ತಾಗಿಸಬೇಡಿ. ಒಳಗಿನ ರಿವರ್ಬ್ ಸ್ಪ್ರಿಂಗ್ ಗುಡುಗಿದ ಹಾಗೆ ಸದ್ದು ಮಾಡುತ್ತದೆ, ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ 'ಬರ್ತೀನಿ' ಅಂತ ಹಾಕಿ. ಆಂಪ್ ತರುವವರು ಅದನ್ನೂ ತಿಳಿಸಿ, ಇಲ್ಲಿ ಪ್ಲಗ್ ಪಾಯಿಂಟ್ ನಾಲ್ಕೇ ಇರುವುದು.